ಬೆಟ್ಟದ ಸಾಲು, ನಡುವಿನ ಸಂದು

ರಾಮನಗರದ ರಾಮದೇವರ ಬೆಟ್ಟ ಹತ್ತಿದವರಲ್ಲಿ ಹೆಚ್ಚಿನವರು ‘ಶೋಲೆ’ ಚಿತ್ರದ ಬಂಡೆ ಯಾವುದೆಂದು ಕೇಳಿ, ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಮೇಲಿನ ಹಾಸುಬಂಡೆಯ ಮೇಲೆ ಒಂದರ್ಧ ಗಂಟೆ ಸುಮ್ಮನೆ ಕೂತು ನೋಡಿ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಬಡಗಣಕ್ಕೆ ಸಾವನದುರ್ಗದ ಬೋಳು ನೆತ್ತಿ. ತೆಂಕಣಕ್ಕೆ ಕಬ್ಬಾಳದುರ್ಗದ ಕಡೆಗೆ ಒಂದರ ಬೆನ್ನಿಗೊಂದು ಗುಡ್ಡ. ಬೇರೆ ಬೇರೆ ಬೆಟ್ಟಗಳೆಂದುಕೊಂಡು ಬೇರೆ ಬೇರೆ ಭಾನುವಾರಗಳಲ್ಲಿ ಹತ್ತಿದ್ದೆಲ್ಲ ಒಂದೇ ಸಾಲು ಎನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಚಾರಣದ ಹುಡುಗರು ಇಂಥದ್ದನ್ನು ರಿಡ್ಜ್ ಎನ್ನುತ್ತಾರೆ. ಏಣು ಎನ್ನುವ ಒಳ್ಳೆಯ ಪದ ನಮ್ಮಲ್ಲೇ ಇದೆ.

ಈ ಏಣಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂಬ ಹೆಸರಿತ್ತು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಅದು ಕ್ಲೋಸ್‌ಪೇಟೆಯಾಯಿತು, ಸ್ವಾತಂತ್ರ್ಯ ಬಂದ ಮೇಲೆ ರಾಮನಗರವಾಯಿತು. ಊರು ಕಳಚಿಟ್ಟ ಹೆಸರು ಕಲ್ಲಿಗೆ ಅಂಟಿಕೊಂಡು ಉಳಿದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ, ಉದ್ದ ಸುಮಾರು 400 ಕಿಲೋಮೀಟರ್. ಅಗಲ ಮಾತ್ರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮಧುಗಿರಿ, ಪಾವಗಡಗಳ ಬೆಟ್ಟಗಳೂ ಇದೇ ಸಂತಾನ.

ಇನ್ನೂ ಹಳೆಯದಾದ ನೈಸ್ ಶಿಲೆಯ ನಡುವೆ, ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲೆ ನುಗ್ಗಿ ನಿಧಾನವಾಗಿ ಆರಿತು. ಆರಲು ಬೇಕಾದಷ್ಟು ಕಾಲ ಸಿಕ್ಕಿದ್ದರಿಂದಲೇ ಅದರೊಳಗಿನ ಫೆಲ್ಡ್‌ಸ್ಪಾರ್ ಹರಳುಗಳು ದಪ್ಪಗೆ ಬೆಳೆದವು. ಮಾಗಡಿಯ ಕಡೆ ಒಡೆದ ಬಂಡೆಯೊಂದನ್ನು ಹತ್ತಿರದಿಂದ ನೋಡಿ: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನಸುಗೆಂಪು ಹರಳುಗಳು ಕಾಣುತ್ತವೆ. ವಿಧಾನಸೌಧದ ಅಲಂಕಾರಕ್ಕೆ ಮಾಗಡಿಯ ಈ ಕೆಂಪುಗಲ್ಲನ್ನೂ ತುರುವೇಕೆರೆಯ ಕರಿಗಲ್ಲನ್ನೂ ಬಳಸಿದ್ದಾರೆ. ಮೇಲಿದ್ದ ನೆಲ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ, ಸವೆಯಲು ಒಪ್ಪದ ಕಲ್ಲು ಬೆಟ್ಟವಾಗಿ ನಿಂತಿತು.

ನನ್ನನ್ನು ತುಂಬ ಹಿಡಿದಿಟ್ಟ ಸಂಗತಿ ಬೇರೆಯದು. ಈ ನೆಲವೆಲ್ಲ ಓರೆಯಾಗಿ ಮೇಲೆದ್ದಿರುವುದರಿಂದ ದಕ್ಷಿಣದಲ್ಲಿ ಆಳದ ಭಾಗ ಬಯಲಾಗಿದೆ, ಉತ್ತರಕ್ಕೆ ಹೋದಷ್ಟೂ ಮೇಲಿನ ಭಾಗ. ಕನಕಪುರದಿಂದ ಪಾವಗಡದ ಕಡೆಗೆ ಹೊರಟವನು ಭೂಮಿಯ ನೆಲಮಾಳಿಗೆಯಿಂದ ಅಟ್ಟದ ಕಡೆಗೆ ನಡೆದಂತೆ. ದೇವರಾಯನದುರ್ಗದಲ್ಲಿ ನಿಂತರೆ ಏಣಿನ ಇನ್ನೊಂದು ಕೆಲಸ ಗೊತ್ತಾಗುತ್ತದೆ. ಅಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಹೋಗುತ್ತದೆ, ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ. ಮಳೆಯ ಹನಿ ಯಾವ ನದಿಗೆ ಸೇರಬೇಕೆನ್ನುವುದು ಅದು ಬಂಡೆಯ ಯಾವ ಮಗ್ಗುಲಿಗೆ ಬಿತ್ತು ಎನ್ನುವುದರ ಮೇಲೆ ನಿಂತಿದೆ.

ಆದರೆ ಈ ಸಾಲು ಹಿಮಾಲಯದಂತೆ ಎಡೆಬಿಡದ ಗೋಡೆಯಲ್ಲ. ಬಿರುಕು ಕಡಿಮೆಯಿದ್ದ ಕಡೆ ಇಡೀ ಬಂಡೆ ಗುಮ್ಮಟವಾಗಿ ಉಳಿಯಿತು. ಬಿರುಕು ಒತ್ತಾಗಿದ್ದ ಕಡೆ ನೀರು ಇಳಿದು, ಕಲ್ಲು ಕೊಳೆತು, ಕೊಚ್ಚಿಹೋಗಿ ಸಂದು ಬಿದ್ದಿತು. ಕೋಟೆ ನೋಡಲು ಹೋಗುವ ನಾವೆಲ್ಲ ಶಿಖರಕ್ಕೆ ಮರುಳಾಗುತ್ತೇವೆ. ಇಷ್ಟು ವರ್ಷ ಸುತ್ತಿದ ಮೇಲೆ ನನಗನ್ನಿಸುವುದು, ಏಣಿನ ಬೆಲೆ ಇರುವುದು ಈ ಸಂದುಗಳಲ್ಲಿ. ಊರು, ದಾರಿ, ನದಿ, ಯುದ್ಧ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ.

1791ನೇ ಇಸವಿಯನ್ನು ಈ ಕಣ್ಣಿನಿಂದ ನೋಡಬೇಕು. ಮಾರ್ಚಿ 21ರಂದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಮುಂದಿನ ಗುರಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ. ನೇರ ದಾರಿ ರಾಮಗಿರಿ, ಅಂದರೆ ಇದೇ ರಾಮದೇವರ ಬೆಟ್ಟದ ಬುಡದಲ್ಲಿ ಹಾದು ಚನ್ನಪಟ್ಟಣಕ್ಕೆ ಹೋಗುತ್ತಿತ್ತು. ಟಿಪ್ಪು ಆ ಬಾಗಿಲಲ್ಲೇ ಕಾದಿದ್ದ. ಹಾಗಾಗಿ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕನಕಪುರದ ಸುತ್ತುದಾರಿ ಹಿಡಿಯಬೇಕಾಯಿತು. ಬೆಟ್ಟ ಕಾಡುಗಳ ಕೆಟ್ಟ ದಾರಿ, ಮೇವನ್ನೆಲ್ಲ ಟಿಪ್ಪುವಿನ ಕಡೆಯವರು ಮೊದಲೇ ಹಾಳುಮಾಡಿದ್ದ ಸೀಮೆ. ಭಾರಿ ಫಿರಂಗಿ ಎಳೆಯುವ ಎತ್ತುಗಳು ದಾರಿಯುದ್ದಕ್ಕೂ ಬಿದ್ದು ಸತ್ತವು. ಶ್ರೀರಂಗಪಟ್ಟಣದ ಬಳಿಯ ಅರಕೆರೆಯ ಹತ್ತಿರ ಟಿಪ್ಪು ಮತ್ತೊಂದು ದಿಣ್ಣೆಯ ಮೇಲೆ ಸೈನ್ಯ ನಿಲ್ಲಿಸಿದ್ದ. ರಾತ್ರೋರಾತ್ರಿ ಬಳಸಿ ಹೋಗಿ ಹೊಡೆಯಲು ಹೊರಟ ಇಂಗ್ಲಿಷರ ದಂಡು ಗುಡುಗುಮಳೆಗೆ ಸಿಕ್ಕಿ ದಿಕ್ಕಾಪಾಲಾಯಿತು. ಮೇ 15ರ ಹಗಲಿನ ಕಾಳಗದಲ್ಲಿ ದಿಣ್ಣೆ ಕಾರ್ನ್‌ವಾಲಿಸ್‌ಗೆ ದಕ್ಕಿತು, ಶ್ರೀರಂಗಪಟ್ಟಣ ದಕ್ಕಲಿಲ್ಲ. ಊಟವಿಲ್ಲ, ಎತ್ತಿಲ್ಲ. ಅಷ್ಟು ದೂರ ಎಳೆದು ತಂದಿದ್ದ ಕೋಟೆ ಒಡೆಯುವ ಫಿರಂಗಿಗಳನ್ನು ತನ್ನ ಕೈಯಾರೆ ನಾಶಮಾಡಿ ಆತ ಹಿಂದಿರುಗಿದ. ಆ ಮೇ ತಿಂಗಳಲ್ಲಿ ಗೆದ್ದದ್ದು ರಾಮನಗರದ ಏಣು ಎಂದೇ ನನ್ನ ತೀರ್ಮಾನ. ಅಲ್ಲಿ ಒಂದು ಗುಂಡೂ ಹಾರದೆ ಅದು ಸೈನ್ಯವೊಂದನ್ನು ಬಳಸುದಾರಿಗೆ ತಳ್ಳಿತು.

ಕಾರ್ನ್‌ವಾಲಿಸ್ ಪಾಠ ಕಲಿತ. ಲಂಬಾಣಿಗಳ ಎತ್ತಿನ ಹಿಂಡುಗಳು ಬೆಂಗಳೂರಿನಿಂದ ದವಸ ಹೊತ್ತು ತರಬೇಕಾದರೆ ದಾರಿಯ ಮೇಲೆ ಕಣ್ಣಿಟ್ಟ ದುರ್ಗಗಳು ಮೊದಲು ಬೀಳಬೇಕು. ಬೆಂಗಳೂರಿನ ಬಡಗಣಕ್ಕಿದ್ದ ನಂದಿದುರ್ಗ ಅಕ್ಟೋಬರಿನಲ್ಲಿ ಬಿದ್ದಿತು. ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ. 1226 ಮೀಟರ್ ಎತ್ತರ, ಸುತ್ತ ಬಿದಿರುಮೆಳೆ, ಮೇಲೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿಗಳು, ನಡುವೆ ಆಳವಾದ ಸಂದು. ಒಂದು ನೆತ್ತಿ ಬಿದ್ದರೂ ಇನ್ನೊಂದರಲ್ಲಿ ನಿಂತು ಕಾದಬಹುದು ಎನ್ನುವುದು ಒಳಗಿದ್ದವರ ನಂಬಿಕೆ. 17ರಿಂದ ಫಿರಂಗಿ ಹೊಡೆದು, 21ರ ಬೆಳಿಗ್ಗೆ ಗೋಡೆ ಒಡೆದ ಕಡೆಯಿಂದ ಇಂಗ್ಲಿಷರು ನುಗ್ಗಿದರು. ಕೆಳಗಿನ ಗೋಡೆ ಬಿಟ್ಟು ಮೇಲಿನ ಕೋಟೆಗೆ ಓಡಿದವರ ಬೆನ್ನಿಗೇ ವೈರಿಗಳೂ ಹತ್ತಿದ್ದರಿಂದ ಬಾಗಿಲು ಹಾಕಲು ಸಮಯವೇ ಸಿಗಲಿಲ್ಲ. ಅಭೇದ್ಯವೆಂಬ ಹೆಸರು ಹೊತ್ತ ದುರ್ಗ ಒಂದು ಬೆಳಗಿನಲ್ಲಿ ಮುಗಿಯಿತು. ರಾಮಗಿರಿ, ಹುತ್ರಿದುರ್ಗಗಳು ಅದೇ ವಾರದಲ್ಲಿ ಕೈಬಿಟ್ಟವು. ಎರಡು ತಿಂಗಳೊಳಗೆ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದ ಎದುರಿಗಿತ್ತು. ಎತ್ತರವನ್ನೇ ನಂಬಿ ಕೂತ ಕೋಟೆಗೆ, ಕೆಳಗಿನ ಬಯಲಿನಲ್ಲಿ ಅದನ್ನು ಕಾಯುವ ಸೈನ್ಯವಿಲ್ಲದಿದ್ದರೆ, ಬಂಡೆ ಎಷ್ಟು ನುಣುಪಾಗಿದ್ದರೂ ಪ್ರಯೋಜನವಿಲ್ಲ.

ಸಾವನದುರ್ಗ ಕೈ ಬದಲಿಸಿದ್ದು ಅದೇ ಮೊದಲಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟ ಕೆಂಪೇಗೌಡರ ವಂಶ ಮಾಗಡಿಯಲ್ಲಿ ನೆಲೆ ನಿಂತಿತು. ಈ ಬಂಡೆಯೇ ಅವರ ಕಡೆಯ ಆಸರೆ. 1728ರಲ್ಲಿ ಮೈಸೂರಿನ ದಳವಾಯಿಗಳು ಅದನ್ನೂ ಕಿತ್ತುಕೊಂಡು ಕೊನೆಯ ಕೆಂಪೇಗೌಡರನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟರು. ಬುಡದ ವೀರಭದ್ರ, ನರಸಿಂಹ ಗುಡಿಗಳಲ್ಲಿ ಪೂಜೆ ಈಗಲೂ ನಡೆಯುತ್ತಿದೆ. ಪೂಜೆ ಮುಗಿಸಿದ ಜನ ಗುಡಿಯ ಹಿಂದಿನ ಬಂಡೆಯನ್ನು ನೋಡಿ ಕೈಮುಗಿಯುವುದನ್ನು ಕಂಡಿದ್ದೇನೆ.

ರಾಮದೇವರ ಬೆಟ್ಟದ ಕಡಿದಾದ ಮಗ್ಗುಲಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಿದರು. ಅಲ್ಲಿ ಸ್ಪೀಕರ್ ಹಾಕಬೇಡಿ, ಕೂಗಬೇಡಿ. ಈ ಸೀಮೆಯ ಕೆಲವು ಗುಡ್ಡಗಳು ಕಲ್ಲು ಕ್ವಾರಿಗೆ ಸಿಕ್ಕಿ ಅರ್ಧಕ್ಕರ್ಧ ಕರಗಿರುವುದನ್ನು ಕಂಡು ನನಗೆ ಸಂಕಟವಾಗಿದೆ. 250 ಕೋಟಿ ವರ್ಷದ ಕಲ್ಲು ಮತ್ತೆ ಬೆಳೆಯುವುದಿಲ್ಲ. ಕೋಟೆ ಗೋಡೆಗಿರುವ ಕಾವಲು ಅದನ್ನು ಹೊತ್ತ ಬಂಡೆಗೂ ಸಿಗಬೇಕು.

ಮುಂದಿನ ಸಲ ಬೆಂಗಳೂರಿನಿಂದ ಮೈಸೂರು ರೈಲು ಹತ್ತಿದಾಗ ಬಲಗಡೆಯ ಕಿಟಕಿ ಹಿಡಿಯಿರಿ. ಬಿಡದಿ ದಾಟಿದ ಮೇಲೆ ಪತ್ರಿಕೆ ಮಡಚಿಡಿ. ರಾಮನಗರ ಬರುವ ಹೊತ್ತಿಗೆ ಬೆಟ್ಟಗಳು ಹತ್ತಿರ ಸರಿದು, ಅರ್ಕಾವತಿ, ಹಳೆಯ ಮೈಸೂರು ರಸ್ತೆ ಮತ್ತು ನೀವು ಕೂತ ರೈಲು ಒಂದೇ ಕಡೆ ಕೂಡಿಕೊಳ್ಳುತ್ತವೆ. ಟಿಪ್ಪು ಕಾದು ನಿಂತಿದ್ದ ಬಾಗಿಲು ಅದೇ.