ಬಿಡುವ ಮಾತು, ಇಳಿಸುವ ಮಾತು: ಕುಡಿತದ ದೂರಚಿಕಿತ್ಸೆಯ ಭಾಷೆಯನ್ನು ಕುರಿತು ಒಂದು ವಿಮರ್ಶೆ

೧

ಕುಡಿತವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಅಲ್ಪವೇನಲ್ಲ. ಆದರೆ ಕುಡಿಯುವವನೊಡನೆ ಆಡತಕ್ಕ ಮಾತು ಯಾವುದು, ಅದರ ಧಾಟಿ ಹೇಗಿರಬೇಕು ಎಂಬ ಪ್ರಶ್ನೆಗೆ ನಮ್ಮ ವಿಮರ್ಶೆ ಅಷ್ಟಾಗಿ ಗಮನವಿತ್ತಂತೆ ಕಾಣುವುದಿಲ್ಲ. ಆ ಪ್ರಶ್ನೆ ಈಗ ಕೇವಲ ಸಾಹಿತ್ಯದ್ದಾಗಿ ಉಳಿದಿಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಕೇಂದ್ರಸ್ಥಾನ. ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿದವನು ತನ್ನ ಮನೋವ್ಯಥೆಯನ್ನೂ ಕುಡಿತದ ತೊಂದರೆಯನ್ನೂ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. ವೈದ್ಯನ ಕೈ ರೋಗಿಯ ನಾಡಿಯನ್ನು ಮುಟ್ಟದ ಈ ಪದ್ಧತಿಯಲ್ಲಿ ಮಾತೇ ಉಪಕರಣ. ಮಾತು ಉಪಕರಣವಾದಲ್ಲಿ ಅದರ ಅಲಗನ್ನು ಪರೀಕ್ಷಿಸುವ ಹೊಣೆ ಭಾಷೆ ಸಾಹಿತ್ಯಗಳನ್ನು ಅಭ್ಯಾಸ ಮಾಡುವವರಿಗೂ ಸೇರಿದೆ. ವಿಜಯಪುರ ನಗರ ಮತ್ತು ಅದರ ನೆರೆಯ ತಿಕೋಟಾ, ಬಬಲೇಶ್ವರಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಆ ಕೆಲಸಕ್ಕೆ ತೊಡಗುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ನಮ್ಮ ಪರಂಪರೆಯನ್ನು ನೋಡಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದಾನೆ. ದಾರಿಯ ಬದಿಯಲ್ಲಿ ಹೆಂಡ ಮಾರುತ್ತ, ಕುಡಿಯಲು ಬಂದವರಿಗೆ ಹಿತವನ್ನು ಹೇಳುತ್ತಿದ್ದನೆಂದು ಅವನ ವಿಷಯದಲ್ಲಿ ಪ್ರತೀತಿ. ತನ್ನ ಕಾಯಕದ ಸಾಮಗ್ರಿಯನ್ನೇ ಅವನು ವಚನಗಳಲ್ಲಿ ಅರಿವಿನ ರೂಪಕವಾಗಿ ಮಾಡಿಕೊಂಡನು. ವಚನಗಳ ಸಂಗ್ರಹಕ್ಕಾಗಿ ಫ. ಗು. ಹಳಕಟ್ಟಿಯವರು ಬಾಳನ್ನೇ ತೆತ್ತದ್ದು ಈ ವಿಜಯಪುರದಲ್ಲಿ; ಅವರ 'ವಚನಶಾಸ್ತ್ರಸಾರ' ೧೯೨೩ರಲ್ಲಿ ಹೊರಬಂದಿತು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಜಿ. ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನನು ಎದುರಾಗುತ್ತಾನೆ. ಕುಡುಕನ ಬಾಯಿಂದಲೇ ಕಾವ್ಯವನ್ನು ಹೊರಡಿಸಿ ಅವನಿಗೆ ಮಾನವನ್ನು ತಂದುಕೊಟ್ಟದ್ದು ಆ ಕೃತಿಯ ದೊಡ್ಡ ಸಾಧನೆ. ಅಲ್ಲಿನ ಒಂದು ಪ್ರಸಿದ್ಧ ಪದದಲ್ಲಿ, ದೇವರೇ ಬಂದು ಹೆಂಡವನ್ನು ಬಿಡೆಂದರೆ ರತ್ನನು ಬಿಡಲು ಒಪ್ಪುತ್ತಾನೆ. ಅವನು ಬಿಡಲೊಲ್ಲದ್ದು ಕನ್ನಡವನ್ನು ಮಾತ್ರ. ಕವಿಯ ಲಕ್ಷ್ಯವಿರುವುದು ಭಾಷಾಪ್ರೇಮದ ಮೇಲೆಂಬುದು ಸ್ಪಷ್ಟ. ಆದರೂ ನಮ್ಮ ವಿಷಯಕ್ಕೆ ಬೇಕಾದ ಒಂದು ಅಂಶ ಅಲ್ಲಿದೆ: ಹೆಂಡವನ್ನು ಬಿಡುವುದು ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ಸಮಾಜಸುಧಾರಣೆಯ ಭಾಷೆಯೂ ಇದೇ ದಾರಿಯದು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಧಾನ್ಯವನ್ನಲ್ಲ, ಜನರ ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಇಳಕಲ್ಲು ಆಗ ಅಖಂಡ ವಿಜಯಪುರ ಜಿಲ್ಲೆಗೆ ಸೇರಿತ್ತು. ಅವರ ಜನ್ಮದಿನವಾದ ಆಗಸ್ಟ್ ೧ ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಣೆಯಲ್ಲಿದೆ. ಬೇಡುವವನು ಮೇಲೆ ನಿಂತು ಬೋಧಿಸದೆ ಕೈಯೊಡ್ಡಿ ನಿಲ್ಲುವ ಈ ಕಲ್ಪನೆ ಅಸಾಮಾನ್ಯವಾದುದು. ಆದರೆ ಜೋಳಿಗೆಗೆ ಹಾಕಿದ್ದನ್ನು ಅರ್ಧ ಹಿಂದಕ್ಕೆ ಪಡೆಯುವಂತಿಲ್ಲ. ಹಾಕುವುದೂ ಹತ್ತು ಜನರ ಎದುರಿನಲ್ಲಿ. ಕಾಯಿದೆಯಾದರೋ ಇನ್ನೂ ನೇರವಾದುದು. ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಜಿಲ್ಲೆ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯ ಆಳ್ವಿಕೆಯನ್ನು ಕಂಡಿತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು.

ಕಾವ್ಯ, ಮಠ, ಕಾಯಿದೆ ಈ ಮೂರರಲ್ಲಿಯೂ ಆಳುವ ಕ್ರಿಯಾಪದ ಒಂದೇ: 'ಬಿಡು'. ನಾವು 'ಕುಡಿತ ಬಿಟ್ಟ' ಎನ್ನುತ್ತೇವೆ, 'ಕುಡಿತ ಬಿಡಿಸುವ ಔಷಧ' ಎನ್ನುತ್ತೇವೆ. 'ಬಿಡಿಸು' ಎಂಬ ಪ್ರೇರಣಾರ್ಥಕದಲ್ಲಿ ಕುಡಿಯುವವನು ಕರ್ತೃವೂ ಅಲ್ಲ. ಬಿಟ್ಟವನಿಗೆ ಗೌರವದ ಹೆಸರುಂಟು, ಬಿಡದವನಿಗೆ 'ಕುಡುಕ'ನೆಂಬ ಹೆಸರುಂಟು. ಮೂರು ಗುಟುಕನ್ನು ಒಂದಕ್ಕೆ ಇಳಿಸಿದವನಿಗೆ, ವಾರದ ಏಳು ದಿನವನ್ನು ಎರಡಕ್ಕೆ ತಂದವನಿಗೆ ನಮ್ಮ ಮಾತಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ಸ್ಥಿತಿಯನ್ನು ಜನ ಸಾಧನೆಯೆಂದು ಎಣಿಸುವುದೂ ಕಷ್ಟ.

೩

ದೂರಚಿಕಿತ್ಸೆಯ ಹೆಚ್ಚಿನ ಕೆಲಸ ನಡೆಯಬೇಕಾದದ್ದು ಈ ಹೆಸರಿಲ್ಲದ ನಡುವಣ ಸ್ಥಳದಲ್ಲಿಯೇ. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮದ್ಯಪಾನ ಮಾಡುವವರು ಸುಮಾರು ೧೬ ಕೋಟಿ, ಅವರಲ್ಲಿ ೫.೭ ಕೋಟಿಯಷ್ಟು ಜನಕ್ಕೆ ಸಹಾಯ ಅವಶ್ಯ. ಮದ್ಯಕ್ಕೆ ಸಂಪೂರ್ಣ ಅಂಟಿಕೊಂಡವರಲ್ಲಿಯೂ ೩೮ ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದವರು ವೈದ್ಯನ ಬಳಿಗೆ ಏಕೆ ಹೋಗಲಿಲ್ಲವೆಂಬುದಕ್ಕೆ ತಿಕೋಟಾ ಬಬಲೇಶ್ವರಗಳನ್ನು ಬಲ್ಲವರಿಗೆ ಉತ್ತರ ಹೊಸದಾಗಿರಲಾರದು. ತಿಕೋಟಾ ನಗರದಿಂದ ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರು, ಬಬಲೇಶ್ವರ ನೈರುತ್ಯಕ್ಕೆ ಸುಮಾರು ೨೫ ಕಿಲೋಮೀಟರು. ದೂರ ಹೆಚ್ಚೇನಲ್ಲ, ಆದರೆ ದ್ರಾಕ್ಷಿ ತೋಟದಲ್ಲಿ ದಿನಗೂಲಿಗೆ ದುಡಿಯುವವನಿಗೆ ಅದು ಒಂದು ದಿನದ ಪಗಾರ. ಅದಕ್ಕೂ ಮಿಗಿಲಾದುದು ನಾಚಿಕೆ. ಮನೋವೈದ್ಯನ ಬಾಗಿಲಲ್ಲಿ ಊರಿನವರ ಕಣ್ಣಿಗೆ ಬೀಳುವುದಕ್ಕಿಂತ ಕುಡಿದು ಬೀಳುವುದೇ ಲೇಸೆಂದು ಭಾವಿಸುವವರಿದ್ದಾರೆ. ಫೋನು ಈ ಎರಡು ಅಡ್ಡಿಗಳನ್ನೂ ದಾಟುತ್ತದೆ. ತೋಟದ ಬದುವಿನ ಮೇಲೆ ನಿಂತು, ಮುಖ ತೋರಿಸದೆ, ಒಬ್ಬನು ತನ್ನ ಕುಡಿತದ ಲೆಕ್ಕವನ್ನು ಹೇಳಬಲ್ಲನು. ದುಡಿಮೆಗಾಗಿ ಗೋವೆಗೋ ಮಹಾರಾಷ್ಟ್ರಕ್ಕೋ ಹೋದವನನ್ನೂ ಆ ಧ್ವನಿ ಹಿಂಬಾಲಿಸಬಲ್ಲುದು. ಜೋಳಿಗೆಯ ಮುಂದೆ ಹತ್ತು ಜನ ಸಾಕ್ಷಿ ಬೇಕು. ಇಲ್ಲಿ ಸಾಕ್ಷಿ ಇಲ್ಲದಿರುವುದೇ ಗುಣ.

ಮಾತಿನಿಂದ ಫಲ ಉಂಟೇ ಎಂಬ ಸಂದೇಹಕ್ಕೆ ಗೋವೆಯಲ್ಲಿಯೇ ಒಂದು ಉತ್ತರವಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಅಪಾಯದ ಪ್ರಮಾಣದಲ್ಲಿ ಕುಡಿಯುವ ಗಂಡಸರೊಡನೆ ಕೆಲವು ಸಲ ಕುಳಿತು ಮಾತನಾಡಿದರು. ೩೭೭ ಜನರನ್ನು ಒಳಗೊಂಡ ಆ ಪರೀಕ್ಷೆಯ ಫಲ ೨೦೧೭ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಮೂರು ತಿಂಗಳ ಅನಂತರ, ಸಲಹೆ ಪಡೆದವರಲ್ಲಿ ಶೇಕಡಾ ೩೬ರಷ್ಟು ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ರೂಢಿಯ ಉಪಚಾರ ಪಡೆದವರಲ್ಲಿ ಶೇಕಡಾ ೨೬. ಅದು ಎದುರುಬದಿರಿನ ಮಾತು, ಫೋನಿನದಲ್ಲ. ಆದರೂ ಅಲ್ಲಿ ಕೆಲಸ ಮಾಡಿದ್ದು ಮದ್ದಲ್ಲ, ಸಂಭಾಷಣೆ ಎಂಬುದು ಗಮನಾರ್ಹ.

೪

ಹಾಗಾದರೆ ಸಂಭಾಷಣೆಯ ಭಾಷೆ ಹೇಗಿದೆ? ಕುಡಿತದ ತೀವ್ರತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ ೧೯೮೦ರ ದಶಕದಲ್ಲಿ ರೂಪಿಸಿದ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ. ಒಟ್ಟು ಅಂಕ ೪೦. ೮ ಮುಟ್ಟಿದರೆ ಅಪಾಯದ ಸೂಚನೆ. ಅದರ ಎರಡನೆಯ ಪ್ರಶ್ನೆಯನ್ನು ಪದಶಃ ಕನ್ನಡಿಸಿದರೆ, 'ಮದ್ಯ ಸೇವಿಸುವ ದಿನ ತಾವು ಸಾಮಾನ್ಯವಾಗಿ ಎಷ್ಟು ಪಾನೀಯಗಳನ್ನು ಸೇವಿಸುತ್ತೀರಿ?' ಎಂದಾಗುತ್ತದೆ. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಇಲ್ಲಿ 'ಪಾನೀಯ'ವೆಂಬುದು ಒಂದು ಅಳತೆ: ಸುಮಾರು ೧೦ ಗ್ರಾಂ ಮದ್ಯಸಾರ, ಅಂದರೆ ೩೦ ಮಿಲಿಲೀಟರು ವಿಸ್ಕಿ ಅಥವಾ ರಮ್ಮು. ನಮ್ಮ ಕಡೆಯ ಅಂಗಡಿಯಲ್ಲಿ ಆ ಅಳತೆಯಿಂದ ಯಾರೂ ಕೇಳುವುದಿಲ್ಲ. ಅಲ್ಲಿರುವುದು 'ನೈಂಟಿ', 'ಕ್ವಾರ್ಟರ್'. ನೈಂಟಿಯೆಂದರೆ ಮೂರು ಪಾನೀಯ, ೧೮೦ ಮಿಲಿಲೀಟರಿನ ಕ್ವಾರ್ಟರ್ ಎಂದರೆ ಆರು.

ಈಗ ದಿನವೂ ಒಂದು ಕ್ವಾರ್ಟರ್ ಕುಡಿಯುವವನನ್ನು ಕಲ್ಪಿಸಿಕೊಳ್ಳೋಣ. 'ಎಷ್ಟು?' ಎಂದರೆ ಅವನ ಪ್ರಾಮಾಣಿಕ ಉತ್ತರ 'ಒಂದು'. ಕೇಳುವವನು ಅದನ್ನು ಒಂದು ಪಾನೀಯವೆಂದೇ ಬರೆದುಕೊಂಡರೆ ಮೊದಲ ಪ್ರಶ್ನೆಗೆ ೪, ಎರಡನೆಯದಕ್ಕೆ ಸೊನ್ನೆ, ಒಂದೇ ಸಲಕ್ಕೆ ಆರು ಪಾನೀಯ ಕುಡಿಯುವ ಸಂದರ್ಭವನ್ನು ಕೇಳುವ ಮೂರನೆಯದಕ್ಕೂ ಸೊನ್ನೆ, ಕೂಡಿದರೆ ೪. ಅರಿತು ಕೇಳಿದ್ದರೆ ಅದೇ ಮೂರು ಪ್ರಶ್ನೆಗಳಿಗೆ ೪, ೨, ೪, ಕೂಡಿದರೆ ೧೦. ಒಂದು ಶಬ್ದದ ಅನುವಾದದಿಂದ ಅಪಾಯದಲ್ಲಿರುವವನು ಸುರಕ್ಷಿತನೆಂದು ಎಣಿಕೆಯಾಗುತ್ತಾನೆ. ಎದುರಿಗಿದ್ದರೆ ವೈದ್ಯನು ಬಾಯ ವಾಸನೆಯಿಂದ, ಕೈಯ ನಡುಕದಿಂದ ಸಂಶಯಪಡುತ್ತಿದ್ದನು. ಫೋನಿನಲ್ಲಿ ಅದಕ್ಕೂ ಆಸ್ಪದವಿಲ್ಲ.

ಅಳತೆಯಂತೆಯೇ ಸಂಬೋಧನೆಯೂ ವಿಚಾರಾರ್ಹ. ಬಬಲೇಶ್ವರದ ಹಿರಿಯನೊಬ್ಬನಿಗೆ 'ತಾವು ಮದ್ಯವ್ಯಸನಿಗಳೇ?' ಎಂಬುದು ಕಚೇರಿಯ ಪ್ರಶ್ನೆ. ಅದಕ್ಕೆ ಬರುವುದೂ ಕಚೇರಿಯ ಉತ್ತರವೇ. 'ಕಾಕಾರ, ನಿನ್ನಿ ಎಷ್ಟ ಆತರೀ? ನೈಂಟಿನೋ, ಕ್ವಾರ್ಟರೋ?' ಎಂದರೆ ಆತನು ಲೆಕ್ಕ ಹೇಳಿಯಾನು. 'ಶೆರೆ'ಯೆಂಬ ಆಡುಮಾತು ಗ್ರಾಮ್ಯವೆಂದು ಬಿಟ್ಟು 'ಮದ್ಯ'ವನ್ನು ಹಿಡಿಯುವುದು ಪುಸ್ತಕಕ್ಕೆ ಸರಿ. ಸಲಹೆಯ ಮಾತಿನಲ್ಲಿ ಆ ಶಿಷ್ಟತೆ ಗೋಡೆಯಾಗುತ್ತದೆ. ರತ್ನನ ಬಾಯಿಗೆ ರಾಜರತ್ನಂ ಅವರು ಗ್ರಂಥಭಾಷೆಯನ್ನು ಕೊಡಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

೫

ಮೇಲಿನ ಮಾತಿನಿಂದ 'ಬಿಡು' ಎಂಬುದೇ ತಪ್ಪೆಂದು ಯಾರೂ ತಿಳಿಯಬಾರದು. ಬಹುಕಾಲ ವಿಪರೀತ ಕುಡಿದು ದೇಹವೇ ಮದ್ಯಕ್ಕೆ ಒಗ್ಗಿಹೋದವನಿಗೆ, ಯಕೃತ್ತು ಕೆಟ್ಟವನಿಗೆ, ಪೂರ್ಣ ತ್ಯಾಗವೇ ವೈದ್ಯರು ಹೇಳುವ ದಾರಿ. ಆದರೆ ಅಂಥವನಿಗೆ ಫೋನಿನಲ್ಲಿ 'ಇಂದೇ ಬಿಡು' ಎನ್ನುವುದು ಪ್ರಾಣಕ್ಕೆ ಎರವಾದೀತು. ಕುಡಿತ ತಟ್ಟನೆ ನಿಂತರೆ ಮೊದಲ ದಿನ ನಡುಕ, ಬೆವರು. ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳವು. ಎರಡು ಮೂರು ದಿನಗಳ ಅನಂತರ ಸನ್ನಿ ಬರಬಹುದು. ೨೦೨೦ರ ಮಾರ್ಚಿನ ಕೊನೆಯಿಂದ ಮೇ ೪ರವರೆಗೆ ರಾಜ್ಯದ ಮದ್ಯದಂಗಡಿಗಳು ಮುಚ್ಚಿದ್ದಾಗ, ಇಂಥ ತೀವ್ರ ಲಕ್ಷಣಗಳಿಂದ ಆಸ್ಪತ್ರೆ ಸೇರಿದವರ ಸಂಖ್ಯೆ ಏರಿತೆಂದು ಬೆಂಗಳೂರಿನ ವೈದ್ಯರು ಬರೆದಿದ್ದಾರೆ. ಆ ಸ್ಥಿತಿಗೆ ಕೊಡುವ ಡಯಾಜಿಪಾಮಿನಂಥ ಔಷಧಗಳನ್ನು ದೂರದಿಂದ ಬರೆದುಕೊಡುವುದಕ್ಕೂ ತಡೆಯಿದೆ. ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿರುವವನ್ನು ೨೦೨೦ರ ಟೆಲಿಮೆಡಿಸಿನ್ ಮಾರ್ಗಸೂಚಿ ನಿಷಿದ್ಧವೆಂದಿತು. ಆದುದರಿಂದ 'ಮುಂಜಾನೆ ಕೈ ನಡುಗತಾವೇನು? ಹಿಂದೆ ಎಂದಾದರೂ ಬಿಟ್ಟಾಗ ಸೆಳವು ಬಂದಿತ್ತೇನು?' ಎಂಬ ಪ್ರಶ್ನೆಗಳು ಮೊದಲು ಬರಬೇಕು. ಹೌದೆಂದರೆ ಅವನನ್ನು ನಗರದ ದವಾಖಾನೆಗೆ ಮುಟ್ಟಿಸುವುದೇ ದೂರಧ್ವನಿಯ ಕರ್ತವ್ಯ. ಧ್ವನಿಯು ತನ್ನ ಎಲ್ಲೆಯನ್ನು ಅರಿತಿರಬೇಕು. ೨೦೨೪ರಲ್ಲಿ ಟೆಲಿ-ಮಾನಸ್‌ಗೆ ವಿಡಿಯೋ ಸೌಕರ್ಯ ಸೇರಿದ್ದು ಈ ಕೊರತೆಯನ್ನು ಕೊಂಚ ತುಂಬೀತು. ಆದರೆ ಮನೆಗೊಂದೇ ಫೋನು, ಅದೂ ಮಗನ ಕೈಯಲ್ಲಿರುವಲ್ಲಿ, ಗುಟ್ಟೂ ಸಿಗದು, ವಿಡಿಯೋವೂ ಸಿಗದು.

ಉಳಿದ ಬಹುಜನಕ್ಕೆ, ಅಂದರೆ ಇನ್ನೂ ಆ ಹಂತ ಮುಟ್ಟದೆ ಹಾನಿಯ ಹಾದಿಯಲ್ಲಿರುವವರಿಗೆ, ಬೇಕಾದದ್ದು ಇನ್ನೊಂದು ಕ್ರಿಯಾಪದ. 'ಇಳಿಸು' ಎಂಬುದು ಆ ಕೆಲಸಕ್ಕೆ ಒದಗುವ ಮಾತೆಂದು ನನ್ನ ಸೂಚನೆ. ಭಾರ ಇಳಿಸುತ್ತೇವೆ, ಅಮಲು ಇಳಿಯುತ್ತದೆ. ಕಳ್ಳನ್ನು ಮರದಿಂದ ಇಳಿಸುವುದೂ ಇದೇ ಶಬ್ದದಿಂದ. ಇದರಲ್ಲಿ ಕರ್ತೃ ಕುಡಿಯುವವನೇ. ಇದಕ್ಕೆ ಪ್ರಮಾಣವುಂಟು, ನಾಳೆಯುಂಟು. 'ಈ ವಾರ ಎಷ್ಟು ಇಳಿಸಿದಿರಿ?' ಎಂಬ ಪ್ರಶ್ನೆಗೆ ಸೋತವನೂ ಮುಂದಿನ ವಾರ ಉತ್ತರ ಕೊಡಬಲ್ಲನು. ಆಣೆ ಮುರಿದವನಾದರೋ ಮತ್ತೆ ಕರೆ ಮಾಡುವ ಧೈರ್ಯವನ್ನೇ ಕಳೆದುಕೊಳ್ಳುತ್ತಾನೆ.

ನಮ್ಮ ವಿಭಾಗಗಳು ಮಾಡಬಹುದಾದ ಕೆಲಸ ಸಣ್ಣದು, ಆದರೆ ಅವಶ್ಯವಾದುದು. ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಕುಡಿತದ ಅಳತೆಗೆ, ಬಗೆಗೆ, ಮರುದಿನದ ಅವಸ್ಥೆಗೆ ಬಳಕೆಯಲ್ಲಿರುವ ಶಬ್ದಗಳನ್ನು ವಿದ್ಯಾರ್ಥಿಗಳು ಕಲೆಹಾಕಿ, ಪ್ರತಿಯೊಂದರ ಮುಂದೆ ಮಿಲಿಲೀಟರಿನ ಲೆಕ್ಕವನ್ನು ಬರೆದು, ಫೋನಿನ ಆ ತುದಿಯಲ್ಲಿ ಕುಳಿತವರ ಕೈಗೆ ಒಪ್ಪಿಸಬಹುದು. ಒಂದು ಶೈಕ್ಷಣಿಕ ವರ್ಷದೊಳಗೆ ಇದು ಸಾಧ್ಯ.