ನೋವಿಲ್ಲದ ಚಪ್ಪಟೆ ಪಾದಕ್ಕೆ ಶಸ್ತ್ರಚಿಕಿತ್ಸೆ ಏಕೆ?

ಮಗುವಿನ ಒದ್ದೆ ಹೆಜ್ಜೆಯಲ್ಲಿ ಇಡೀ ಅಂಗಾಲು ಮೂಡಿದರೆ ತಂದೆತಾಯಿ ಗಾಬರಿಯಾಗುತ್ತಾರೆ. ಆ ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಬೇಕು. ಅಂಗಾಲಿನ ಕಮಾನು ಮೇಲೆದ್ದು, ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಬಾಗುವ ಚಪ್ಪಟೆ ಪಾದ. ಬಹುಪಾಲು ಮಕ್ಕಳಲ್ಲಿ ಹತ್ತು ವರ್ಷದೊಳಗೆ ಕಮಾನು ತಾನಾಗಿಯೇ ಮೂಡುತ್ತದೆ. ಮೂಡದಿದ್ದರೂ ಹೆಚ್ಚಿನವರಿಗೆ ನೋವಿರುವುದಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. ಕೆನಡಾದ ಸೈನಿಕರ ಪಾದಗಳನ್ನು ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್, ಸರಾಗವಾಗಿ ಬಾಗುವ ಚಪ್ಪಟೆ ಪಾದದಿಂದ ತೊಂದರೆಯಿಲ್ಲ, ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿದ್ದರೆ ಮಾತ್ರ ನೋವು ಕಾಡುತ್ತದೆ ಎಂದು 1940ರ ದಶಕದಲ್ಲೇ ತೋರಿಸಿದ್ದರು. 1992ರಲ್ಲಿ ಪ್ರಕಟವಾದ ಮಣಿಪಾಲದ ರಾವ್ ಮತ್ತು ಜೋಸೆಫ್ ಅವರ ಅಧ್ಯಯನ 2,300 ಮಕ್ಕಳ ಹೆಜ್ಜೆಗುರುತು ಪರಿಶೀಲಿಸಿತು. ಪಾದರಕ್ಷೆ ತೊಡುವವರಲ್ಲಿ ಶೇ. 8.6, ಬರಿಗಾಲಲ್ಲಿ ನಡೆಯುವವರಲ್ಲಿ ಶೇ. 2.8 ಮಂದಿಗೆ ಚಪ್ಪಟೆ ಪಾದವಿತ್ತು. ಅಂದರೆ ಚಪ್ಪಟೆ ಪಾದಕ್ಕೆ ಪಾದರಕ್ಷೆಯ ಅಭ್ಯಾಸದೊಂದಿಗೂ ನಂಟಿದೆ.

ಹೀಗಿದ್ದೂ ಶಸ್ತ್ರಚಿಕಿತ್ಸೆಯ ಆಕರ್ಷಣೆ ಕಡಿಮೆಯಾಗಿಲ್ಲ. ಹಿಮ್ಮಡಿ ಮೂಳೆಗೂ ಅದರ ಮೇಲಿನ ಟೇಲಸ್ ಮೂಳೆಗೂ ನಡುವಿನ ಸಂದಿನಲ್ಲಿ ಪುಟ್ಟ ಬೆಣೆ ಕೂರಿಸುವ ಆರ್ಥ್ರೋರೈಸಿಸ್‌ಗೆ ಸಣ್ಣ ಗಾಯ ಸಾಕು, ಎಕ್ಸ್‌ರೇ ಕೂಡಲೇ ಚೆನ್ನಾಗಿ ಕಾಣುತ್ತದೆ. ಅದರ ಅಪಾಯವೂ ಈ ಸುಲಭದಲ್ಲೇ ಇದೆ. ಬೆಣೆ ಜಾರಬಹುದು, ಪಾದ ಅಗತ್ಯಕ್ಕಿಂತ ಹೆಚ್ಚು ತಿರುಗಬಹುದು, ಆ ಸಂದಿನಲ್ಲೇ ನೋವು ಹುಟ್ಟಬಹುದು. ಆಗ ಬೆಣೆ ತೆಗೆಯಲು ಮಗು ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕು. ನೋವಿಲ್ಲದಿದ್ದ ಪಾದಕ್ಕೆ ಚಿಕಿತ್ಸೆಯೇ ನೋವು ತಂದಂತಾಯಿತು.

ಹಿಮ್ಮಡಿ ಮೂಳೆಯನ್ನು ಕತ್ತರಿಸಿ, ನಡುವೆ ಮೂಳೆಯ ತುಂಡು ಕೂರಿಸಿ ಉದ್ದ ಮಾಡುವ ಇವಾನ್ಸ್ ವಿಧಾನ ಹೆಚ್ಚು ದೊಡ್ಡದು. 1990ರ ದಶಕದಲ್ಲಿ ಶಸ್ತ್ರಚಿಕಿತ್ಸಕ ಮೋಸ್ಕಾ ಅದನ್ನು ಪರಿಷ್ಕರಿಸಿದರು. ಕೀಲನ್ನು ಉಳಿಸಿಕೊಂಡೇ ಆಕಾರ ತಿದ್ದುವುದು ಇದರ ಹಿರಿಮೆ. ಆದರೂ ಮುಂದಿನ ಕೀಲು ಸರಿಯಬಹುದು, ಮೂಳೆ ಕೂಡದಿರಬಹುದು, ಪಾದದ ಹೊರಬದಿಯ ನರಕ್ಕೆ ಪೆಟ್ಟಾಗಬಹುದು. ಕೀಲುಗಳನ್ನೇ ಬೆಸೆಯುವ ಚಿಕಿತ್ಸೆಯಂತೂ ಬೆಳೆಯುವ ಮಗುವಿಗೆ ಕೊನೆಯ ದಾರಿ. ಬೆಸೆದ ಕೀಲಿನ ಭಾರವನ್ನು ಅಕ್ಕಪಕ್ಕದ ಕೀಲುಗಳು ಹೊರಬೇಕು, ಕ್ರಮೇಣ ಅವೇ ಸವೆಯುತ್ತವೆ.

ಶಸ್ತ್ರಚಿಕಿತ್ಸೆಯೇ ಬೇಡವೆಂದಲ್ಲ. ಬಿಗಿದ ಸ್ನಾಯುರಜ್ಜು, ದಿನನಿತ್ಯದ ನಡಿಗೆಗೆ ಅಡ್ಡಿಯಾಗುವ ನೋವು, ತಿಂಗಳುಗಟ್ಟಲೆ ಮಾಡಿದ ಮೀನಖಂಡದ ವ್ಯಾಯಾಮಕ್ಕೂ ಬಗ್ಗದ ತೊಂದರೆ ಇದ್ದರೆ ಅದು ನ್ಯಾಯವೇ. ಆಗಲೂ ಗೆಲುವನ್ನು ಅಳೆಯಬೇಕಾದದ್ದು ಎಕ್ಸ್‌ರೇಯ ಕೋನದಿಂದಲ್ಲ, ಮಗು ನೋವಿಲ್ಲದೆ ಓಡುತ್ತದೆಯೇ ಎಂಬುದರಿಂದ. ನೋವಿಲ್ಲದ ಮಗುವಿನ ಪಾದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಬೇಡಿ.