ಬೀಚಿಯವರ ನಗೆ ಮತ್ತು ಒಂದು ಸುಲಭದ ಲೆಕ್ಕ

ಹಾಸ್ಯ ಬರೆದವರ ಬದುಕಿನಲ್ಲಿ ದುಃಖ ಹುಡುಕುವುದು ನಮ್ಮ ವಿಮರ್ಶೆಯ ಹಳೆಯ ಚಟ. ಬೀಚಿಯವರ ವಿಷಯದಲ್ಲಂತೂ ಹೆಚ್ಚು ಹುಡುಕಬೇಕಾಗಿಯೇ ಇಲ್ಲ. 1913ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದರು. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಅಲ್ಲಿಗೆ ಲೆಕ್ಕ ಮುಗಿಯಿತು: ತಬ್ಬಲಿ ಬಾಲ್ಯ, ಅದರಿಂದ ಭಯ, ಭಯದಿಂದ ನಗೆ.

ಈ ಲೆಕ್ಕಕ್ಕೆ ನನ್ನ ಒಪ್ಪಿಗೆಯಿಲ್ಲ. ಕೊಳಗಲ್ಲಿನಲ್ಲಿ ಸಂಜೆ ಹೊತ್ತು ಕೆಲವು ಹುಡುಗರಿಗೆ ಬೀಚಿಯವರನ್ನು ಓದಿ ಹೇಳುತ್ತೇನೆ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಒಬ್ಬ ಒಮ್ಮೆ ಕೇಳಿದ: “ಸರ್, ಅವ್ವ ಅಪ್ಪ ಇಲ್ಲದೋರೆಲ್ಲಾ ಹಿಂಗೇ ಆಗ್ತಾರೇನ್ರಿ?” ಅವನ ಪ್ರಶ್ನೆ ಬೀಚಿಯವರ ಬಗ್ಗೆ ಇರಲಿಲ್ಲ.

ಪೆಟ್ಟು ತಿಂದ ಬಾಲ್ಯ ದೊಡ್ಡವರಾದ ಮೇಲೂ ಬೆನ್ನು ಬಿಡುವುದಿಲ್ಲ, ನಿಜ. ಆದರೆ ಅದೇ ಹಣೆಬರಹವಾಗಬೇಕೆಂದಿಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕಾಯಿಲೆಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಜನ ನೆಟ್ಟಗೆ ಬಾಳಿದರು. ಅಂಥವರಿಗೆ ನೆಚ್ಚಿಕೊಳ್ಳಲು ಯಾರಾದರೊಬ್ಬ ಹಿರಿಯರು ಸಿಕ್ಕಿದ್ದರು: ಅಜ್ಜಿ, ಅತ್ತೆ, ಮೇಷ್ಟ್ರು.

ಬೀಚಿಯವರಿಗೆ ಪುಸ್ತಕವೂ ಸಿಕ್ಕಿತು. ಕನ್ನಡ ಓದಿನ ಕಡೆ ಒಲವೇ ಇಲ್ಲದಿದ್ದ ಅವರನ್ನು ಕನ್ನಡಕ್ಕೆ ತಿರುಗಿಸಿದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’. ಅಷ್ಟರಲ್ಲಿ ಅವರ ಬಾಲ್ಯ ಎಂದೋ ಮುಗಿದಿತ್ತು. ಎಲ್ಲವನ್ನೂ ಬಾಲ್ಯವೇ ತೀರ್ಮಾನಿಸಿಬಿಟ್ಟಿದ್ದರೆ ಈ ತಿರುವಿಗೆ ಜಾಗ ಎಲ್ಲಿರುತ್ತಿತ್ತು?

‘ಭಯಾಗ್ರಫಿ’ ಎಂಬ ಪದವನ್ನೇ ನೋಡಿ. ಇಂಗ್ಲಿಷಿನ ಬಯಾಗ್ರಫಿಗೆ ಒಂದು ಮಹಾಪ್ರಾಣ ಸೇರಿದೆ, ಅಷ್ಟೇ. ಭಯವನ್ನು ಅವರು ಬಚ್ಚಿಟ್ಟಿಲ್ಲ, ಹೆಸರಿನಲ್ಲೇ ಎದುರಿಗೆ ಕೂರಿಸಿದ್ದಾರೆ. ಆದರೆ ಅದನ್ನು ಹೇಗೆ ಉಚ್ಚರಿಸಬೇಕೆಂಬುದು ಬರೆದವರ ಕೈಯಲ್ಲಿದೆ. ಈ ನಗೆ ಯಾವ ನೋವಿನಿಂದ ಬಂತು ಎಂದು ಕೇಳುವ ವಿಮರ್ಶೆ ಬದುಕಿನ ವಿವರ ಸಿಕ್ಕೊಡನೆ ಪುಸ್ತಕ ಮುಚ್ಚುತ್ತದೆ. ಆ ನೋವನ್ನು ಈ ಮಾತು ಏನು ಮಾಡಿತು ಎಂದು ಕೇಳಿದರೆ ಪುಸ್ತಕ ತೆರೆಯಲೇಬೇಕು. ಬಳ್ಳಾರಿ ಸೀಮೆಯಲ್ಲಿ ತಬ್ಬಲಿಗಳು ಅಂದೂ ಬಹಳ ಜನ ಇದ್ದರು. ತಿಮ್ಮನನ್ನು ಸೃಷ್ಟಿಸಿದವರು ಒಬ್ಬರೇ.

ಮುಂದಿನ ಸಲ ಲೇಖಕರೊಬ್ಬರ ಬಾಲ್ಯ ಬರೆದು, “ಆದ್ದರಿಂದ” ಎಂದು ಮುಂದಿನ ವಾಕ್ಯ ಶುರುಮಾಡುವ ಮೊದಲು ಒಂದು ಗಳಿಗೆ ನಿಲ್ಲಿ. ಓದುವವರಲ್ಲಿ ಅಂಥದೇ ಬಾಲ್ಯದ ಹುಡುಗನೊಬ್ಬ ಇರಬಹುದು.